ಮಿಶ್ರ ಬೋಧನೆ (ವಿಶ್ವವಿದ್ಯಾಲಯಗಳಲ್ಲಿ)

ತರಗತಿಯ ಮುಖಾಮುಖಿ ಪಾಠವನ್ನೂ ಆನ್‌ಲೈನ್ ವೇದಿಕೆಯ ಕಲಿಕೆಯನ್ನೂ ಒಂದೇ ಕೋರ್ಸಿನಲ್ಲಿ ಹೆಣೆಯುವ ಕ್ರಮ. ಇದಕ್ಕೆ ಹೆಚ್ಚು ಬಳಕೆಯಾಗುವ ಮೂಡಲ್ ತಂತ್ರಾಂಶದ ಮೊದಲ ಆವೃತ್ತಿಯನ್ನು ಆಸ್ಟ್ರೇಲಿಯದ ಮಾರ್ಟಿನ್ ಡೌಗಿಯಾಮಾಸ್ 2002ರಲ್ಲಿ ಹೊರತಂದರು.

ವೇದಿಕೆ ಒಂದೇ ಆದರೂ ಅಧ್ಯಾಪಕರು ಅದನ್ನು ಬಳಸುವ ಬಗೆ ಒಂದೇ ಅಲ್ಲ. ಬೋಧನೆಯ ಧೋರಣೆಗಳನ್ನು ಅಧ್ಯಯನ ಮಾಡಿದ ಮೈಕೆಲ್ ಪ್ರಾಸರ್ ಮತ್ತು ಕೀತ್ ಟ್ರಿಗ್ವೆಲ್ ಅವುಗಳಲ್ಲಿ ಎರಡು ತುದಿಗಳನ್ನು ಗುರುತಿಸಿದರು: ಮಾಹಿತಿಯನ್ನು ದಾಟಿಸುವುದು, ವಿದ್ಯಾರ್ಥಿಯ ತಿಳಿವಳಿಕೆಯನ್ನೇ ಬದಲಿಸಲು ಯತ್ನಿಸುವುದು. ಮೊದಲ ಬಗೆಯವರಿಗೆ ವೇದಿಕೆ ಟಿಪ್ಪಣಿ, ಸ್ಲೈಡುಗಳನ್ನು ಇಡುವ ಮತ್ತು ಅಸೈನ್‌ಮೆಂಟ್ ಪಡೆಯುವ ಜಾಗ. ಎರಡನೆಯವರು ತರಗತಿಗೆ ಮುಂಚೆಯೇ ಓದು, ವಿಡಿಯೊ, ಪ್ರಶ್ನೆಗಳನ್ನು ಕೊಟ್ಟು, ಬಂದ ತಪ್ಪು ಉತ್ತರಗಳಿಂದಲೇ ಅಂದಿನ ಪಾಠವನ್ನು ಕಟ್ಟುತ್ತಾರೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಸಹಪಾಠಿ ಬೋಧನೆ ಇದಕ್ಕೆ ದಾರಿ ತೋರಿತು: ವಿದ್ಯಾರ್ಥಿ ಮೊದಲು ಒಬ್ಬನೇ ಉತ್ತರಿಸಿ, ಪಕ್ಕದವರೊಡನೆ ವಾದಿಸಿ, ಮತ್ತೆ ಉತ್ತರಿಸುತ್ತಾನೆ. ಮಿಶ್ರ ಬೋಧನೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಭಾರತದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸಿದ ಎನ್‌ಪಿಟಿಇಎಲ್ ಆನ್‌ಲೈನ್ ಉಪನ್ಯಾಸಗಳು ಮಿಶ್ರ ಬೋಧನೆಗೆ ನೆಲ ಹದಮಾಡಿದವು; ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ 2017ರಲ್ಲಿ ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಗಳ ಪ್ರಕಾರ, ಒಂದು ಸೆಮಿಸ್ಟರಿನಲ್ಲಿ ಕಾರ್ಯಕ್ರಮವೊಂದರ ಗರಿಷ್ಠ 40 ಪ್ರತಿಶತ ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ನೀಡಬಹುದು. ಆದರೆ ವಿಡಿಯೊ ಸಿದ್ಧಪಡಿಸಲು, ಆನ್‌ಲೈನ್ ಚರ್ಚೆಗೆ ಉತ್ತರಿಸಲು ಹಿಡಿಯುವ ಹೊತ್ತನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಹಿಡಿಯದ ಕಡೆ ಮಿಶ್ರ ಬೋಧನೆ ಟಿಪ್ಪಣಿ ಹಂಚುವಲ್ಲಿಗೇ ನಿಲ್ಲುತ್ತದೆ.