ಸ್ಟಾರ್ಟ್ ಬಟನ್ ಎಡದಿಂದ ನಡುವಿಗೆ ಬಂದಿದ್ದು ಹೇಗೆ? ವಿಂಡೋಸ್ 95ರಿಂದ 11ರವರೆಗೆ ಪೂರ್ತಿ ಮಾಹಿತಿ

ಝೆರಾಕ್ಸ್ ಅಂಗಡಿ ಇರಲಿ, ಗೊಬ್ಬರದ ಅಂಗಡಿಯ ಬಿಲ್ಲಿಂಗ್ ಕೌಂಟರ್ ಇರಲಿ, ಕಂಪ್ಯೂಟರ್ ಬದಲಾದ ದಿನ ಕೇಳಿಬರೋ ಮಾತು ಒಂದೇ: "ಹಳೇದ್ರಲ್ಲಿ ಎಲ್ಲಾ ಗೊತ್ತಿತ್ತು, ಇದ್ರಲ್ಲಿ ಏನೂ ಸಿಗ್ತಿಲ್ಲ." ಮೈಕ್ರೋಸಾಫ್ಟ್ ಕಂಪನಿ 30 ವರ್ಷದಲ್ಲಿ ವಿಂಡೋಸ್‌ನ ಮುಖ ಹಲವು ಸಲ ಬದಲಿಸಿದೆ. ಯಾವಾಗ ಏನು ಬದಲಾಯ್ತು, ನಿಮ್ಮ ಅಂಗಡಿಯ ಕಂಪ್ಯೂಟರ್‌ಗೆ ಅದರಿಂದ ಏನಾಗುತ್ತೆ ಅನ್ನೋದನ್ನ ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಬೂದು ಬಣ್ಣದ ಕಾಲ (1995–2000)

1995ರ ಆಗಸ್ಟ್ 24ರಂದು ವಿಂಡೋಸ್ 95 ಬಂತು. ಸ್ಟಾರ್ಟ್ ಬಟನ್, ಕೆಳಗಡೆ ಟಾಸ್ಕ್‌ಬಾರ್ ಮೊದಲ ಸಲ ಬಂದಿದ್ದು ಇದರಲ್ಲೇ. ಬಟನ್‌ಗಳೆಲ್ಲ ಬೂದು ಬಣ್ಣ, ಒಂದು ಅಂಚು ಬಿಳಿ, ಇನ್ನೊಂದು ಅಂಚು ಕಪ್ಪು. ಹಾಗಾಗಿ ಬಟನ್ ಉಬ್ಬಿದಂತೆ ಕಾಣ್ತಿತ್ತು, ಒತ್ತಿದ್ರೆ ಒಳಗೆ ಹೋದಂತೆ ಕಾಣ್ತಿತ್ತು. ಕಂಪ್ಯೂಟರನ್ನೇ ನೋಡದವರಿಗೂ "ಇಲ್ಲಿ ಒತ್ತಬಹುದು" ಅಂತ ತಿಳಿಯೋ ಹಾಗಿತ್ತು. ಆಗ 4 ಎಂಬಿ ರ‍್ಯಾಮ್ ಇದ್ದರೂ ಇದು ಓಡಬೇಕಿತ್ತು, ಹಾಗಾಗಿ ಅಲಂಕಾರಕ್ಕೆ ಜಾಗವೇ ಇರಲಿಲ್ಲ. ವಿಂಡೋಸ್ 98, ವಿಂಡೋಸ್ 2000 ಕೂಡ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬಂದವು.

ನೀಲಿ ಪಟ್ಟಿ, ಹಸಿರು ಗುಡ್ಡ (2001)

2001ರ ಅಕ್ಟೋಬರ್ 25ಕ್ಕೆ ಬಂದ ಎಕ್ಸ್‌ಪಿಯಲ್ಲಿ ಬೂದು ಹೋಗಿ ಬಣ್ಣ ಬಂತು. ನೀಲಿ ಟಾಸ್ಕ್‌ಬಾರ್, ಹಸಿರು ಸ್ಟಾರ್ಟ್ ಬಟನ್ ಇದ್ದ ಈ ರೂಪಕ್ಕೆ ಲೂನಾ ಅಂತ ಹೆಸರು. ಪರದೆ ಮೇಲಿದ್ದ ಹಸಿರು ಗುಡ್ಡ ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ 1996ರಲ್ಲಿ ಚಾರ್ಲ್ಸ್ ಒ'ರಿಯರ್ ತೆಗೆದ ನಿಜವಾದ ಫೋಟೋ.

ಕನ್ನಡದವರಿಗೆ ಎಕ್ಸ್‌ಪಿ ಇನ್ನೊಂದು ಕಾರಣಕ್ಕೂ ಮುಖ್ಯ. ಯೂನಿಕೋಡ್ ಕನ್ನಡಕ್ಕೆ ತುಂಗಾ ಅನ್ನೋ ಫಾಂಟ್ ಇದರ ಜೊತೆಗೇ ಬಂತು. ಆದರೆ ಇಂಡಿಕ್ ಭಾಷೆಗಳ ಸೌಲಭ್ಯವನ್ನ ಸೆಟ್ಟಿಂಗ್‌ನಲ್ಲಿ ನಾವೇ ಆನ್ ಮಾಡಬೇಕಿತ್ತು, ಇಲ್ಲದಿದ್ರೆ ಒತ್ತಕ್ಷರ ಒಡೆದು ಕಾಣ್ತಿತ್ತು. ವಿಸ್ತಾದಿಂದ ಆ ಕಷ್ಟ ತಪ್ಪಿತು. ವಿಂಡೋಸ್ 8ರಿಂದ ನಿರ್ಮಲಾ ಯುಐ ಫಾಂಟ್ ಬಂದು ಕನ್ನಡ ಇನ್ನೂ ಸ್ಪಷ್ಟವಾಯ್ತು.

ಗಾಜಿನ ಕಿಟಕಿ (2007–2009)

2007ರ ಜನವರಿ 30ಕ್ಕೆ ಮಾರುಕಟ್ಟೆಗೆ ಬಂದ ವಿಸ್ತಾದಲ್ಲಿ ಕಿಟಕಿಯ ಅಂಚು ಗಾಜಿನಂತಾಯ್ತು, ಹಿಂದಿರೋದು ಮಸುಕಾಗಿ ಕಾಣ್ತಿತ್ತು. ಇದಕ್ಕೆ ಏರೋ ಅಂತ ಹೆಸರು. ನೋಡೋಕೆ ಚೆಂದ, ಆದರೆ 1 ಜಿಬಿ ರ‍್ಯಾಮ್, ಒಳ್ಳೆ ಗ್ರಾಫಿಕ್ಸ್ ಬೇಕಿತ್ತು. ಹಳೆ ಕಂಪ್ಯೂಟರ್‌ಗಳು ಏದುಸಿರು ಬಿಟ್ಟವು. 2009ರ ಅಕ್ಟೋಬರ್ 22ಕ್ಕೆ ಬಂದ ವಿಂಡೋಸ್ 7 ಅದೇ ಗಾಜನ್ನ ಉಳಿಸಿಕೊಂಡು ಹಗುರವಾಗಿ ಓಡಿತು. ಗಾಜು ಬೇಡ ಅನ್ನೋರಿಗೆ ಹಳೇ ಬೂದು 'ಕ್ಲಾಸಿಕ್' ರೂಪವೂ ಅದರಲ್ಲಿತ್ತು.

ಸ್ಟಾರ್ಟ್ ಬಟನ್ನೇ ಮಾಯ (2012)

2012ರ ಅಕ್ಟೋಬರ್ 26ರ ವಿಂಡೋಸ್ 8ರಲ್ಲಿ ಗಾಜು ಹೋಯ್ತು, ಕ್ಲಾಸಿಕ್ ರೂಪ ಹೋಯ್ತು, ಸ್ಟಾರ್ಟ್ ಬಟನ್ನೂ ಹೋಯ್ತು. ಪರದೆ ತುಂಬ ಚಪ್ಪಟೆ ಬಣ್ಣದ ಚೌಕಗಳು. ಟಚ್ ಸ್ಕ್ರೀನ್ ಮತ್ತು ಟ್ಯಾಬ್ಲೆಟ್ ಲೆಕ್ಕ ಇಟ್ಕೊಂಡು ಮಾಡಿದ್ದು, ಆದರೆ ಮೌಸ್ ಹಿಡಿದವರು ಕಷ್ಟಪಟ್ಟರು. ಕಂಪ್ಯೂಟರ್ ಆಫ್ ಮಾಡೋದಕ್ಕೂ ಬಲಗಡೆ ಅಂಚಿನಲ್ಲಿ ಅಡಗಿದ್ದ ಪಟ್ಟಿ ಹುಡುಕಬೇಕಿತ್ತು. ಜನ ಬೈದ ಮೇಲೆ 2013ರ 8.1ರಲ್ಲಿ ಬಟನ್ ವಾಪಸ್ ಬಂತು, 2015ರ ಜುಲೈ 29ರ ವಿಂಡೋಸ್ 10ರಲ್ಲಿ ಪೂರ್ತಿ ಸ್ಟಾರ್ಟ್ ಮೆನುವೇ ವಾಪಸ್ ಬಂತು.

ದುಂಡು ಮೂಲೆ (2021)

2021ರ ಅಕ್ಟೋಬರ್ 5ಕ್ಕೆ ಬಂದ ವಿಂಡೋಸ್ 11ರಲ್ಲಿ ಕಿಟಕಿಯ ಮೂಲೆಗಳು ದುಂಡಗಾದವು, ಸ್ಟಾರ್ಟ್ ಬಟನ್ ನಡುವೆ ಬಂತು. ರೈಟ್ ಕ್ಲಿಕ್ ಮಾಡಿದ್ರೆ ಕಟ್, ಕಾಪಿ, ಪೇಸ್ಟ್ ಮೇಲ್ಗಡೆ ಸಣ್ಣ ಚಿತ್ರಗಳಾಗಿ ಬರುತ್ತೆ. ಹಳೇ ರೂಢಿ ಬೇಕಾದವರು ಹೀಗೆ ಮಾಡಿ:

• ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಟಾಸ್ಕ್‌ಬಾರ್ ಬಿಹೇವಿಯರ್ಸ್, ಅಲೈನ್‌ಮೆಂಟ್‌ನಲ್ಲಿ 'ಲೆಫ್ಟ್' ಆರಿಸಿ. ಸ್ಟಾರ್ಟ್ ಎಡಕ್ಕೆ ಬರುತ್ತೆ.
• ಹಳೇ ರೈಟ್ ಕ್ಲಿಕ್ ಮೆನು ಬೇಕಿದ್ರೆ 'ಶೋ ಮೋರ್ ಆಪ್ಷನ್ಸ್' ಒತ್ತಿ.
• ಕಂಪ್ಯೂಟರ್ ನಿಧಾನ ಇದ್ರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಅಡ್ವಾನ್ಸ್ಡ್‌ನ ಪರ್ಫಾರ್ಮೆನ್ಸ್ ಸೆಟ್ಟಿಂಗ್‌ನಲ್ಲಿ 'ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿದ್ರೆ ನೆರಳು, ಅನಿಮೇಷನ್ ಎಲ್ಲ ನಿಲ್ಲುತ್ತೆ. 'ಸ್ಮೂತ್ ಎಡ್ಜಸ್' ಟಿಕ್ ಮಾತ್ರ ಇರಲಿ, ಇಲ್ಲದಿದ್ರೆ ಅಕ್ಷರ ಒರಟಾಗಿ ಕಾಣುತ್ತೆ.

ವೇಷ ನೋಡಿ ಮೋಸ ಹೋಗಬೇಡಿ

ಇಲ್ಲಿ ದುಡ್ಡಿನ ವಿಷಯ ಇದೆ. ಮೇಲಿನ ರೂಪ ಬೇರೆ, ಒಳಗಿನ ವಿಂಡೋಸ್ ಬೇರೆ. ಹಳೇ ವಿಂಡೋಸ್ 7ಕ್ಕೆ 11ರ ವಾಲ್‌ಪೇಪರ್, ಥೀಮ್ ಹಾಕಿದ್ರೆ ನೋಡೋಕೆ ಹೊಸದೇ. ಆದರೆ ಸೆಕ್ಯುರಿಟಿ ಅಪ್‌ಡೇಟ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 10 ಇರೋ ಮನೆಬಳಕೆಯ ಕಂಪ್ಯೂಟರ್‌ಗಳಿಗೆ ನೋಂದಣಿ ಮಾಡಿಕೊಂಡರೆ ಇನ್ನೊಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಯೋಜನೆ ಇದೆ. ಅಪ್‌ಡೇಟ್ ಬರದ ಕಂಪ್ಯೂಟರ್‌ನಲ್ಲಿ ನೆಟ್ ಬ್ಯಾಂಕಿಂಗ್ ಮಾಡೋದು, ಗಿರಾಕಿಗಳ ಆಧಾರ್ ಪ್ರತಿ ಇಡೋದು ಅಂದ್ರೆ ಬಾಗಿಲಿಗೆ ಚಿಲಕ ಇಲ್ಲದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಇಟ್ಟಂಗೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮೊದಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ವಿನ್‌ವರ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಯಾವ ವಿಂಡೋಸ್ ಅಂತ ಅಲ್ಲೇ ಬರುತ್ತೆ. 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಬೇಕು. ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನೋ ಉಚಿತ ಆ್ಯಪ್ ಇದನ್ನ ತಾನೇ ನೋಡಿ ಹೇಳುತ್ತೆ.

ಹೊಸ ವಿಂಡೋಸ್ ಹಾಕಿಸೋ ಮುಂಚೆ ಬಿಲ್ಲಿಂಗ್ ಡೇಟಾವನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಪ್ರಿಂಟರ್, ಬೆರಳಚ್ಚು ಯಂತ್ರ ಹೊಸದರಲ್ಲಿ ನಡೆಯುತ್ತಾ ಅಂತ ಕೇಳಿಕೊಳ್ಳಿ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಅರ್ಜಿ, ಕರಾರುಪತ್ರ ಇದ್ರೆ ಆ ಫಾಂಟ್‌ಗಳನ್ನೂ ತೆಗೆದಿಡಿ. ಫಾಂಟ್ ಇಲ್ಲದಿದ್ರೆ ಆ ಫೈಲ್ ತೆರೆದಾಗ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಈ ಕೆಲಸಕ್ಕೆ ಸಂತೆ ದಿನ ಬೇಡ, ಅಂಗಡಿಗೆ ರಜೆ ಇರೋ ದಿನ ನೋಡಿಕೊಳ್ಳಿ.