ಅಪ್ಪನ ಮೀನು, ಮಗನ ಮಣ್ಣು: ಉಪ್ಪುನೀರಿನ ಅಕ್ವೇರಿಯಂನ ಕಥೆ

ಇವತ್ತು ಮೀನಿನ ತೊಟ್ಟಿಯ ಇತಿಹಾಸ ಹೇಳ್ತೀನಿ, ಅದರಲ್ಲೂ ಸಮುದ್ರದ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂನದ್ದು.

ಹೊಸ ತೊಟ್ಟಿ ತಂದವರಿಗೆಲ್ಲ ಅನುಭವಸ್ಥರು ಹೇಳುವ ಮಾತು ಒಂದೇ: "ಮೊದಲು ಸೈಕಲ್ ಆಗಲಿ, ಆಮೇಲೆ ಮೀನು ಬಿಡಿ." ಗಾಜು, ಮರಳು, ಉಪ್ಪು, ಪಂಪ್ ಎಲ್ಲಾ ರೆಡಿ ಇದ್ರೂ ಸುಮಾರು ನಾಲ್ಕರಿಂದ ಆರು ವಾರ ಬರೀ ನೀರು ನೋಡ್ತಾ ಕೂರಬೇಕು. ಯಾಕೆ? ಇದು ಮನುಷ್ಯರಿಗೆ ಅರ್ಥವಾಗೋಕೆ ಸುಮಾರು ಅರ್ಧ ಶತಮಾನವೇ ಬೇಕಾಯ್ತು.

1846ರ ಇಂಗ್ಲೆಂಡಿಗೆ ಹೋಗೋಣ. ಆನಾ ಥಿನ್ ಎಂಬ ಮಹಿಳೆ ಟಾರ್ಕಿ ಎಂಬ ಕರಾವಳಿ ಊರಿನಿಂದ ಹವಳದ ಜೀವಿಗಳನ್ನು ಲಂಡನ್‌ಗೆ ತಂದರು. ನೀರು ಕೆಡಬಾರದಲ್ಲ? ಅದಕ್ಕೆ ಮನೆಗೆಲಸದಾಕೆ ದಿನಾ ಕಿಟಕಿ ಪಕ್ಕ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಾ ಗಾಳಿಯಾಡಿಸಬೇಕಿತ್ತು, ನಾವು ಚಹಾ ಆರಿಸ್ತೀವಲ್ಲ ಹಾಗೆ. ಇತಿಹಾಸದಲ್ಲಿ ಥಿನ್ ಹೆಸರಿದೆ. ನನಗೆ ಮಾತ್ರ ನೆನಪಾಗೋದು ಆ ಕೆಲಸದಾಕೆಯ ಕೈಗಳು. ಆ ತೊಟ್ಟಿಯ ಪಂಪ್ ಅವೇ ತಾನೇ!

ಮೂರು ವರ್ಷದ ನಂತರ, 1849ರಲ್ಲಿ, ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ತೊಟ್ಟಿಗೆ ಎರಡು ಗೋಲ್ಡ್‌ಫಿಶ್ ಮತ್ತು ನೀರಗಿಡ ಹಾಕಿದರು. ಕೊಳೆತ ಎಲೆಯಿಂದ ನೀರು ಕೆಟ್ಟಾಗ ಬಸವನಹುಳು ಬಿಟ್ಟರು. ಮೀನಿನ ಉಸಿರು ಗಿಡಕ್ಕೆ, ಗಿಡದ ಆಮ್ಲಜನಕ ಮೀನಿಗೆ, ಕೊಳೆತದ್ದು ಹುಳುಕ್ಕೆ. ಲೆಕ್ಕ ಸಮವಾಯ್ತು ಅಂತ 1850ರಲ್ಲಿ ಪ್ರಕಟಿಸಿದರು. ಆಮೇಲೆ ಸಮುದ್ರದ ನೀರಿನಲ್ಲೂ ಪ್ರಯತ್ನಿಸಿದರು.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅವರ 'ದಿ ಅಕ್ವೇರಿಯಂ' ಪುಸ್ತಕ ಬಂತು. ಲವಣ ಬೆರೆಸಿ ಮನೆಯಲ್ಲೇ ಸಮುದ್ರದ ನೀರು ಮಾಡುವ ವಿಧಾನವನ್ನೂ ಗಾಸ್ ಕೊಟ್ಟರು. ಮನೆಮನೆಯಲ್ಲೂ ತೊಟ್ಟಿ ಬಂತು, ಕೆಲವೇ ವರ್ಷದಲ್ಲಿ ಆ ಹುಚ್ಚು ಇಳಿದೂ ಹೋಯ್ತು. ತೊಟ್ಟಿಯಲ್ಲಿ ಜೀವ ಉಳಿಸೋದು ಅಷ್ಟು ಸುಲಭ ಇರಲಿಲ್ಲ.

ವಾರಿಂಗ್ಟನ್ ಲೆಕ್ಕದಲ್ಲಿ ಒಂದು ಪಾತ್ರ ಬಿಟ್ಟುಹೋಗಿತ್ತು: ಅಮೋನಿಯಾ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುತ್ತಲ್ಲ, ಅದೇ. ಮೀನು ಕಿವಿರಿನಿಂದ ಅದನ್ನು ಹೊರಹಾಕ್ತಾನೇ ಇರುತ್ತೆ. ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಅದು ಕೊಲ್ಲಬಲ್ಲದು.

ಇದರ ಗುಟ್ಟು ಸಿಕ್ಕಿದ್ದು ತೊಟ್ಟಿಯಲ್ಲಲ್ಲ, ಕೊಳಚೆ ನೀರಿನಲ್ಲಿ! 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರು ಹರಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಕೊಟ್ಟರೆ ನಿಂತಿತು. ಬರೀ ರಾಸಾಯನಿಕ ಕ್ರಿಯೆ ಆಗಿದ್ದರೆ ಮೊದಲ ದಿನವೇ ಶುರುವಾಗಬೇಕಿತ್ತು. ಅಂದರೆ ಅಲ್ಲಿ ಯಾವುದೋ ಜೀವಿ ಬೆಳೆಯುತ್ತಿತ್ತು. ಇವತ್ತು ನಾವು ಕಾಯುವ ವಾರಗಳು ಇವೇ.

ಈ ಎಳೆ ಹಿಡಿದು ಮುಂದೆ ಹೋದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷಿಸುತ್ತಿದ್ದ ಒಬ್ಬ ರಸಾಯನಶಾಸ್ತ್ರಜ್ಞ. ಅವರ ಹೆಸರು? ರಾಬರ್ಟ್ ವಾರಿಂಗ್ಟನ್. ಹೌದು, ಅದೇ ವಾರಿಂಗ್ಟನ್ ಅವರ ಮಗ! ಅಮೋನಿಯಾ ಮೊದಲು ನೈಟ್ರೈಟ್ ಆಗುತ್ತೆ, ಆಮೇಲೆ ನೈಟ್ರೇಟ್. ಎರಡಕ್ಕೂ ಬೇರೆ ಬೇರೆ ಜೀವಿಗಳು ಬೇಕು ಅಂತ ಅವರು ತೋರಿಸಿದರು. ಅಪ್ಪ 1867ರಲ್ಲೇ ತೀರಿಕೊಂಡಿದ್ದರು. ತನ್ನ ತೊಟ್ಟಿಯ ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ಮಗ ಹೊಲದ ಮಣ್ಣಿನಲ್ಲಿ ಕಂಡದ್ದು ಅವರಿಗೆ ಗೊತ್ತಾಗಲೇ ಇಲ್ಲ.

ಆದರೆ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸೋದು ಮಗನಿಗೂ ಕೈಗೂಡಲಿಲ್ಲ. ಅದನ್ನು ಸಾಧಿಸಿದ್ದು ಸೆರ್ಗೈ ವಿನೊಗ್ರಾಡ್‌ಸ್ಕಿ, 1890ರಲ್ಲಿ, ಜ್ಯೂರಿಕ್‌ನಲ್ಲಿ. ಈ ಜೀವಿಗಳಿಗೆ ನಾವು ಕೊಡುವ ಊಟ ಬೇಡ. ಅಮೋನಿಯಾದಿಂದ ಶಕ್ತಿ, ಇಂಗಾಲದ ಡೈಆಕ್ಸೈಡ್‌ನಿಂದ ಮೈ. ಅದಕ್ಕೇ ಬೆಳವಣಿಗೆ ನಿಧಾನ. ಮಾಮೂಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಎರಡಾದರೆ, ಇವಕ್ಕೆ ಹಲವು ಗಂಟೆಗಳು, ಕೆಲವೊಮ್ಮೆ ದಿನವೇ ಬೇಕು.

ಈಗ ನಿಮ್ಮ ತೊಟ್ಟಿಗೆ ಬನ್ನಿ. ಮೀನಿಲ್ಲದ ನೀರಿಗೆ ಸ್ವಲ್ಪ ಅಮೋನಿಯಾ ಹಾಕಿ ಟೆಸ್ಟ್ ಕಿಟ್ ಹಿಡಿದರೆ ಈ ಇತಿಹಾಸವೇ ಮರುಕಳಿಸುತ್ತೆ. ಅಮೋನಿಯಾ ಇಳಿಯುತ್ತೆ, ನೈಟ್ರೈಟ್ ಏರುತ್ತೆ, ಅದೂ ಇಳಿದು ನೈಟ್ರೇಟ್ ಉಳಿಯುತ್ತೆ. ಮೊದಲೆರಡೂ ಸೊನ್ನೆಗೆ ಬಂದ ಮೇಲೆ ನೀರು ಬದಲಿಸಿ ನೈಟ್ರೇಟ್ ತಗ್ಗಿಸಬೇಕು, ಆಮೇಲೆ ಒಂದೊಂದೇ ಮೀನು. ಸಮುದ್ರದ ನೀರಿನ ಪಿಎಚ್ 8.1ರ ಆಸುಪಾಸು. ಪಿಎಚ್ ಹೆಚ್ಚಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಈ ಕ್ರಿಯೆಯಲ್ಲಿ ಆಮ್ಲವೂ ಹುಟ್ಟುವುದರಿಂದ ನೀರಿನ ಕ್ಷಾರೀಯತೆ ಕರಗುತ್ತೆ. ಅದನ್ನೂ ಅಳೀತಾ ಇರಬೇಕು.

ಅಲಂಕಾರಕ್ಕೆ ಸಾಕುವ ಸಮುದ್ರದ ಮೀನುಗಳಲ್ಲಿ ಬಹುಪಾಲು ಇವತ್ತಿಗೂ ಸಮುದ್ರದಿಂದಲೇ ಹಿಡಿದು ತಂದವು. ಅಷ್ಟು ದೂರದಿಂದ ಬಂದ ಜೀವ ನಮ್ಮ ಆತುರಕ್ಕೆ ಸಾಯಬಾರದು. ಆ 20 ದಿನದ ಕೊಳವೆ ಹೇಳೋದೂ ಅದನ್ನೇ: ಏನೂ ಆಗ್ತಿಲ್ಲ ಅನ್ನಿಸಿದಾಗಲೂ ಒಳಗೆ ಕೆಲಸ ನಡೀತಿರುತ್ತೆ.