ಎರಡಕ್ಷರದ ‘ಕರಿ’: ಕಪ್ಪು, ಆನೆ, ಅಡುಗೆ ಮತ್ತು ಕಳೆದುಹೋದ ಒಂದು ಅಕ್ಷರ

ಕನ್ನಡದಲ್ಲಿ ‘ಕರಿ’ ಎಂಬುದು ಎರಡೇ ಅಕ್ಷರಗಳ ಪದ. ಕಪ್ಪು ಬಣ್ಣಕ್ಕೂ ಅದೇ ಪದ, ಎಣ್ಣೆಯಲ್ಲಿ ಬಜ್ಜಿ ಬೇಯಿಸುವ ಕ್ರಿಯೆಗೂ ಅದೇ ಪದ. ಹಳೆಯ ಕಾವ್ಯಗಳಲ್ಲಿ ಅದು ಆನೆ. ಹೋಟೆಲಿನ ತಿನಿಸುಗಳ ಪಟ್ಟಿಯಲ್ಲಿ ಮಸಾಲೆಯ ಮೇಲೋಗರ. ಇಷ್ಟು ಚಿಕ್ಕ ಪದಕ್ಕೆ ಇಷ್ಟೊಂದು ಅರ್ಥಗಳು ಒಂದೇ ಮೂಲದಿಂದ ಬಂದವೇ ಎಂಬ ಪ್ರಶ್ನೆ ಸಹಜ. ಉತ್ತರ: ಇಲ್ಲ. ಕನಿಷ್ಠ ಮೂರು ಬೇರೆ ಬೇರೆ ಪದಗಳು ಇಂದು ಒಂದೇ ಉಡುಪು ತೊಟ್ಟು ನಿಂತಿವೆ. ಅವುಗಳನ್ನು ಬೇರ್ಪಡಿಸಿ ತೋರಿಸುತ್ತಿದ್ದ ಒಂದು ಅಕ್ಷರವನ್ನು ಕನ್ನಡ ಶತಮಾನಗಳ ಹಿಂದೆಯೇ ಕೈಬಿಟ್ಟಿದೆ.

ಕಪ್ಪಿನ ಕರಿ

ಮೊದಲನೆಯದು ಅಚ್ಚ ದ್ರಾವಿಡ ಪದ. ಕರಿಮಣಿ, ಕರಿಮೆಣಸು, ಕರಿಹಲಗೆ, ವಕೀಲರ ಕರಿಕೋಟು ಮುಂತಾದ ಮಾತುಗಳಲ್ಲಿ ಇರುವುದು ಇದೇ. ಕಾರ್ಮುಗಿಲು, ಕರ್ಗತ್ತಲು ಎಂಬಲ್ಲಿಯೂ ಇದರ ಬೇರಿದೆ. ತಮಿಳಿನ ‘ಕರು’ ಮತ್ತು ಮಲಯಾಳಂನ ‘ಕರಿ’ ಇದರ ಸೋದರ ರೂಪಗಳು. ತಮಿಳಿನಲ್ಲಿ ‘ಕರಿ’ ಎಂದರೆ ಇದ್ದಿಲು. ಕ್ರಿಯಾಪದವಾದಾಗ ಸುಟ್ಟು ಕರಕಲಾಗುವುದು.

ನಾಡಿನ ಹೆಸರಿನ ಚರ್ಚೆಯಲ್ಲಿಯೂ ಈ ಬೇರು ಕಾಣಿಸಿಕೊಳ್ಳುತ್ತದೆ. ಕರ್ನಾಟಕ ಎಂಬುದು ಕಪ್ಪು ಮಣ್ಣಿನ ನಾಡು ಎಂಬ ಅರ್ಥದ ‘ಕರುನಾಡು’ ಎಂಬುದರಿಂದ ಬಂದಿತೆಂದು ಒಂದು ವಾದವಿದ್ದರೆ, ಇಲ್ಲಿ ‘ಕರು’ ಎಂದರೆ ಎತ್ತರ, ಆದ್ದರಿಂದ ಅದು ಎತ್ತರದ ನಾಡು ಎಂಬುದು ಇನ್ನೊಂದು ವಾದ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂದಿತು. ಆದರೆ ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಮೂಡಿಲ್ಲ.

ಉತ್ತರ ಕರ್ನಾಟಕದ ಹಬ್ಬಗಳಲ್ಲಿಯೂ ‘ಕರಿ’ ಇದೆ. ಸಂಕ್ರಾಂತಿಯ ಮರುದಿನವನ್ನು ಅಲ್ಲಿ ‘ಕರಿ’ ಎನ್ನುತ್ತಾರೆ. ಅಂದು ಶುಭಕಾರ್ಯಗಳನ್ನು ಇಟ್ಟುಕೊಳ್ಳುವುದಿಲ್ಲ. ಕಾರಹುಣ್ಣಿಮೆಯ ಸಂಜೆ ಸಿಂಗರಿಸಿದ ಎತ್ತುಗಳನ್ನು ಓಡಿಸಿ ಅಡ್ಡಲಾಗಿ ಕಟ್ಟಿದ ತೋರಣವನ್ನು ಹರಿಸುವ ಆಚರಣೆಗೆ ‘ಕರಿ ಹರಿಯುವುದು’ ಎಂದೇ ಹೆಸರು.

ಕೈಯಿರುವ ಪ್ರಾಣಿ

ಎರಡನೆಯ ‘ಕರಿ’ ಸಂಸ್ಕೃತದಿಂದ ಬಂದುದು. ಸಂಸ್ಕೃತದಲ್ಲಿ ‘ಕರ’ ಎಂದರೆ ಕೈ. ಆನೆಯ ಸೊಂಡಿಲು ಕೈಯಂತೆ ಕೆಲಸ ಮಾಡುವುದರಿಂದ ಕೈಯುಳ್ಳದ್ದು ಎಂಬ ಅರ್ಥದಲ್ಲಿ ಆನೆ ‘ಕರಿ’ ಆಯಿತು. ‘ಹಸ್ತ’ದಿಂದ ‘ಹಸ್ತಿ’ ಬಂದುದು ಕೂಡ ಇದೇ ರೀತಿಯಲ್ಲಿ. ಆನೆ ಕಪ್ಪಗಿರುವುದರಿಂದ ಅದಕ್ಕೆ ಈ ಹೆಸರು ಬಂದಿತೆಂಬ ತಿಳಿವಳಿಕೆ ಕನ್ನಡಿಗರಿಗೆ ಸುಲಭವಾಗಿ ಹೊಳೆಯುತ್ತದೆ. ಆದರೆ ಅದು ತಪ್ಪು. ಗಣಪತಿಯನ್ನು ‘ಕರಿವದನ’ ಎನ್ನುವುದು ಆತನ ಆನೆಮೊಗಕ್ಕಾಗಿ, ಮುಖದ ಬಣ್ಣಕ್ಕಾಗಿ ಅಲ್ಲ.

ಅಡುಗೆಯ ಕರಿ

ಮೂರನೆಯದು ಜಗತ್ತನ್ನೇ ಸುತ್ತಿಬಂದ ಪದ. ಇಂದು ಇಂಗ್ಲಿಷಿನ ಮೂಲಕ ‘ಕರ್ರಿ’ ಎಂದು ಮರಳಿ ಕೇಳಿಬರುವ ಈ ಪದದ ಮೂಲ ತಮಿಳು ಮತ್ತು ಮಲಯಾಳಂಗಳಲ್ಲಿ ಬಳಕೆಯಲ್ಲಿರುವ ‘ಕಱಿ’. ಇಲ್ಲಿರುವುದು ಸಾಮಾನ್ಯ ‘ರ’ಕಾರವಲ್ಲ, ಒತ್ತಿ ನುಡಿಯುವ ‘ಱ’, ಅಂದರೆ ಶಕಟರೇಫ. ಕಚ್ಚಿ ತಿನ್ನು, ಅಗಿ ಎಂಬ ಕ್ರಿಯೆಯೊಂದಿಗೆ ಈ ಪದಕ್ಕೆ ನಂಟಿದೆ. ತರಕಾರಿ, ಮಾಂಸ, ಮೆಣಸು ಎಲ್ಲವೂ ತಮಿಳಿನಲ್ಲಿ ಬೇರೆ ಬೇರೆ ಸಂದರ್ಭಗಳಲ್ಲಿ ‘ಕಱಿ’ ಎನಿಸಿಕೊಂಡಿವೆ. ಯವನರ ಹಡಗುಗಳು ಚಿನ್ನ ತಂದು ಮೆಣಸು ಹೇರಿಕೊಂಡು ಹೋಗುತ್ತಿದ್ದ ಸಂಗತಿಯನ್ನು ಹೇಳುವ ಸಂಗಂ ಸಾಹಿತ್ಯದ ‘ಅಕನಾನೂರು’ ಸಂಕಲನದಲ್ಲಿ ಮೆಣಸಿಗೆ ಬಳಕೆಯಾಗಿರುವುದು ಇದೇ ಪದ. ಕೊಡಗಿನ ಹೆಸರಾಂತ ‘ಪಂದಿ ಕರಿ’ಯಲ್ಲಿರುವುದು ಅಡುಗೆಯ ಈ ಕರಿಯೇ.

ಪೋರ್ಚುಗೀಸರ ಬಾಯಲ್ಲಿ ಇದು ‘ಕರಿಲ್’ ಆಯಿತು. ಹ್ಯಾನಾ ಗ್ಲಾಸ್ 1747ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಭಾರತದ ರೀತಿಯ ಕರಿ ಮಾಡುವ ವಿಧಾನ ಅಚ್ಚಾಗಿತ್ತು. 1810ರಲ್ಲಿ ದೀನ್ ಮೊಹಮ್ಮದ್ ಅದೇ ನಗರದಲ್ಲಿ ಭಾರತೀಯ ಊಟದ ಮನೆಯೊಂದನ್ನು ತೆರೆದರು. ಜಪಾನಿಗೆ ಈ ಖಾದ್ಯ ಮೇಜಿ ಆಳ್ವಿಕೆಯ ಕಾಲದಲ್ಲಿ ಬ್ರಿಟಿಷರ ಮೂಲಕ ತಲುಪಿ ‘ಕರೇ’ ಎನಿಸಿಕೊಂಡಿತು.

ಇಷ್ಟು ಸ್ಪಷ್ಟ ಇತಿಹಾಸವಿದ್ದರೂ ಈ ಪದಕ್ಕೆ ಬೇರೆ ಹುಟ್ಟೂರು ಹುಡುಕುವ ಪ್ರಯತ್ನಗಳು ನಿಂತಿಲ್ಲ. ಇಂಗ್ಲೆಂಡಿನ ದೊರೆ 2ನೇ ರಿಚರ್ಡ್‌ನ ಬಾಣಸಿಗರು ಸುಮಾರು 1390ರಲ್ಲಿ ಸಿದ್ಧಪಡಿಸಿದ ‘ದ ಫಾರ್ಮ್ ಆಫ್ ಕ್ಯೂರಿ’ ಎಂಬ ಕೃತಿಯನ್ನು ತೋರಿಸಿ, ಪದ ಇಂಗ್ಲಿಷಿನದೇ ಎಂದು ವಾದಿಸುವವರಿದ್ದಾರೆ. ಆದರೆ ಆ ‘ಕ್ಯೂರಿ’ ಫ್ರೆಂಚಿನಿಂದ ಬಂದುದು. ಅದರ ಅರ್ಥ ಅಡುಗೆ ಎಂದಷ್ಟೇ. ಕುದುರೆಯ ಮೈ ಉಜ್ಜುವುದನ್ನು ಸೂಚಿಸುವ ಇಂಗ್ಲಿಷಿನ ‘ಕರ್ರಿ’ ಕ್ರಿಯಾಪದಕ್ಕೂ ಹಳೆಯ ಫ್ರೆಂಚಿನಲ್ಲೇ ಮೂಲವಿದ್ದು, ಸಾರಿನೊಂದಿಗೆ ಅದಕ್ಕೆ ಸಂಬಂಧವಿಲ್ಲ. ಹಿಂದಿಯ ಮಜ್ಜಿಗೆ ಖಾದ್ಯ ‘ಕಢೀ’ ಕೂಡ ಬೇರೆಯೇ ಪದ. ಕುದಿಸುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು.

ಕರಿಬೇವಿನ ಗೊಂದಲ

ಈ ಹಿನ್ನೆಲೆಯಲ್ಲಿ ಪ್ರತಿದಿನ ಒಗ್ಗರಣೆಗೆ ಬೀಳುವ ಕರಿಬೇವನ್ನು ನೋಡಬಹುದು. ಬೇವು ಮತ್ತು ಕರಿಬೇವು ಸಸ್ಯಶಾಸ್ತ್ರದ ಪ್ರಕಾರ ಹತ್ತಿರದ ನೆಂಟರಲ್ಲ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಎಲೆಯ ಹೋಲಿಕೆಯಿಂದ ಅದಕ್ಕೆ ಬೇವಿನ ಹೆಸರು ಬಂದಿದೆ. ಹಾಗಾದರೆ ಮುಂದಿರುವ ‘ಕರಿ’ ಕಪ್ಪೋ, ಅಡುಗೆಯೋ?

ಮಲಯಾಳಂ ‘ಕಱಿವೇಪ್ಪಿಲ’ ಎಂದು ಶಕಟರೇಫ ಇಟ್ಟು ಬರೆಯುತ್ತದೆ. ಅಲ್ಲಿ ಅದು ಅಡುಗೆಯ ಬೇವು ಎಂಬುದರಲ್ಲಿ ಸಂಶಯವಿಲ್ಲ. ತಮಿಳಿನಲ್ಲಿ ‘ಕಱಿವೇಪ್ಪಿಲೈ’ ಮತ್ತು ಕಪ್ಪು ಎಂಬ ಅರ್ಥ ಬರುವ ‘ಕರುವೇಪ್ಪಿಲೈ’ ಎರಡೂ ಬಳಕೆಯಲ್ಲಿವೆ. ಕನ್ನಡ ಮತ್ತು ತೆಲುಗಿನಲ್ಲಿ ಇಂದು ಬರೆಯುವುದು ಸಾಮಾನ್ಯ ‘ರ’. ಹೀಗಾಗಿ ಕನ್ನಡಿಗರ ಕಿವಿಗೆ ಅದು ಕಪ್ಪು ಬೇವು ಎಂದೇ ಕೇಳಿಸುತ್ತದೆ. ಕನ್ನಡದ ಕಾಗುಣಿತ ಮಾತ್ರ ಯಾವ ಪಕ್ಷಕ್ಕೂ ಸಾಕ್ಷಿ ನುಡಿಯದು.

ಕಳೆದುಹೋದ ಅಕ್ಷರ

ಹಳಗನ್ನಡದಲ್ಲಿ ‘ರ’ ಮತ್ತು ‘ಱ’ ಬೇರೆ ಧ್ವನಿಗಳು, ಬೇರೆ ಅಕ್ಷರಗಳು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ‘ಱ’ ಹಾಗೂ ‘ೞ’ಗಳನ್ನು ದೇಶೀಯ ಅಕ್ಷರಗಳೆಂದು ಎಣಿಸಿದ್ದಾನೆ. ಅರ್ಧ ಎಂಬುದಕ್ಕೆ ‘ಅರೆ’, ಬಂಡೆ ಎಂಬುದಕ್ಕೆ ‘ಅಱೆ’ ಎಂಬ ಭೇದ ಆಗ ಇತ್ತು. ಶಾಸನಗಳಲ್ಲಿ ಕೆರೆ ‘ಕೆಱೆ’ಯಾಗಿದೆ. ನಡುಗನ್ನಡದ ಕಾಲದಲ್ಲಿ ಈ ಭೇದ ಕ್ರಮೇಣ ಮಸುಕಾಯಿತು. ‘ಱ’ ಹೋಗಿ ‘ರ’ದಲ್ಲಿ ಸೇರಿತು. ಇಂದಿನ ವರ್ಣಮಾಲೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ತಮಿಳು ಮತ್ತು ಮಲಯಾಳಂ ಅದನ್ನು ಉಳಿಸಿಕೊಂಡಿರುವುದರಿಂದ ಅಲ್ಲಿ ಇದ್ದಿಲನ್ನೂ ಸಾರನ್ನೂ ಬರಹದಲ್ಲಿ ಬೇರ್ಪಡಿಸುವುದು ಸುಲಭ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಹಳೆಯ ‘ಱ’ಕಾರವನ್ನು ಬಿಡದೆ ದಾಖಲಿಸಿದೆ.

ಅಕ್ಷರಪಲ್ಲಟದ ಆಟ

ಒಂದು ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ಮತ್ತೊಂದು ಪದ ಕಟ್ಟುವ ಆಟದಲ್ಲಿಯೂ ‘ಕರಿ’ ಕುತೂಹಲಕಾರಿ. ಕನ್ನಡದಲ್ಲಿ ಸ್ವರ ಸೇರಿದ ಅಕ್ಷರವೇ ಘಟಕವಾದುದರಿಂದ ಇಲ್ಲಿ ಸಿಗುವ ಪಲ್ಲಟ ‘ರಿಕ’ ಒಂದೇ, ಅದಕ್ಕೆ ಅರ್ಥವಿಲ್ಲ. ರೋಮನ್ ಲಿಪಿಯಲ್ಲಿ ಬರೆದರೆ ನಾಲ್ಕು ಅಕ್ಷರಗಳಾಗಿ 24 ಜೋಡಣೆಗಳು ಸಾಧ್ಯ. ಅವುಗಳಲ್ಲಿ ‘ಇಕ್ರಾ’ ರಷ್ಯನ್ನರಿಗೆ ಮೀನಿನ ಮೊಟ್ಟೆ, ‘ಕಿರಾ’ ಮಲಯ ಭಾಷೆಯಲ್ಲಿ ಎಣಿಸುವುದು, ಟರ್ಕಿಯಲ್ಲಿ ಬಾಡಿಗೆ.

ಟರ್ಕಿಯ ಭಾಷೆ ಈ ಆಟದಲ್ಲಿ ಒಂದು ಪಾಠವನ್ನೂ ಕಲಿಸುತ್ತದೆ. 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ರೋಮನ್ ಲಿಪಿಗೆ ಬಂದ ಆ ಭಾಷೆಯಲ್ಲಿ ಚುಕ್ಕಿಯಿರುವ ‘ಐ’ ಒಂದು ಅಕ್ಷರ, ಚುಕ್ಕಿಯಿಲ್ಲದ ‘ಐ’ ಇನ್ನೊಂದು ಅಕ್ಷರ. ಹೆಂಡತಿ ಎಂಬ ಅರ್ಥದ ‘ಕರಿ’, ಸೋಂಪಿನ ಪರಿಮಳದ ಮದ್ಯ ‘ರಾಕಿ’ ಮತ್ತು ದೂರ ಎಂಬ ಅರ್ಥದ ‘ಇರಾಕ್’ ಈ ಮೂರರಲ್ಲೂ ಇರುವುದು ಚುಕ್ಕಿಯಿಲ್ಲದ ಅಕ್ಷರ. ಆದ್ದರಿಂದ ಅವು ಪರಸ್ಪರ ಸರಿಯಾದ ಪಲ್ಲಟಗಳು. ಬಾಡಿಗೆಯ ‘ಕಿರಾ’ದಲ್ಲಿ ಚುಕ್ಕಿಯಿದೆ, ಅದು ಆ ಗುಂಪಿಗೆ ಸೇರದು. ಜಾರ್ಜಿಯಾದ ಭಾಷೆಯಲ್ಲಿ ಗಾಳಿಯೂ ‘ಕರಿ’, ಬಾಗಿಲೂ ‘ಕರಿ’. ಆದರೆ ಅವರ ಲಿಪಿಯಲ್ಲಿ ಎರಡಕ್ಕೂ ಬೇರೆ ಬೇರೆ ‘ಕ’ಕಾರಗಳಿವೆ, ಉಚ್ಚಾರಣೆಯೂ ಬೇರೆ. ಅನ್ಯ ಲಿಪಿಗೆ ಇಳಿಸಿದಾಗ ಮಾತ್ರ ಅವು ಒಂದಾಗಿ ಕಾಣುತ್ತವೆ. ಶಕಟರೇಫ ಕಳೆದುಕೊಂಡ ಕನ್ನಡದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಹೋಲಿಕೆಯೇ ನೆಂಟಸ್ತಿಕೆಯಲ್ಲ

ಈ ಧ್ವನಿಯ ಪದ ಇನ್ನೂ ಹಲವೆಡೆ ಇದೆ. ಫಿನ್ಲೆಂಡಿನಲ್ಲಿ ‘ಕರಿ’ ನೀರಿನಡಿಯ ಬಂಡೆ, ಜೊತೆಗೆ ಗಂಡಸರ ಹೆಸರು. ನಾರ್ವೆಯಲ್ಲಿ ಹೆಂಗಸರ ಹೆಸರು. ಎಸ್ಟೋನಿಯಾದಲ್ಲಿ ದನಕುರಿಗಳ ಹಿಂಡು. ಇಟಲಿಯಲ್ಲಿ ಪ್ರಿಯರು. ಜಪಾನಿನಲ್ಲಿ ಬೇಟೆ, ಸಾಲ ಎಂಬ ಎರಡು ಬೇರೆ ಪದಗಳು. ಟರ್ಕಿಯ ‘ಕರಾ’ ಎಂದರಂತೂ ಕಪ್ಪು; ಕನ್ನಡದ ‘ಕರಿ’ಯನ್ನು ಅದು ಧ್ವನಿಯಲ್ಲೂ ಅರ್ಥದಲ್ಲೂ ಹೋಲುತ್ತದೆ.

ಇಂತಹ ಹೋಲಿಕೆಗಳನ್ನು ಮುಂದಿಟ್ಟು ಜಗತ್ತಿನ ಮೂಲೆಮೂಲೆಗೂ ತಮ್ಮ ಭಾಷೆಯಿಂದಲೇ ಪದಗಳು ಹೋದವೆಂದು ಹೇಳುವ ಬರಹಗಳು ಎಲ್ಲ ಭಾಷೆಗಳಲ್ಲೂ ಹರಿದಾಡುತ್ತವೆ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕ, ರ, ಅ, ಇ ಧ್ವನಿಗಳು ಬಹುತೇಕ ಭಾಷೆಗಳಲ್ಲಿವೆ. ಎರಡು ವ್ಯಂಜನಗಳ ಪದ ಆಕಸ್ಮಿಕವಾಗಿ ಹೊಂದಿಕೊಳ್ಳುವುದು ಅಪರೂಪವೇನಲ್ಲ. ಅರ್ಥವೂ ಒಮ್ಮೊಮ್ಮೆ ಕೂಡಿಬರುತ್ತದೆ.

ನೆಂಟಸ್ತಿಕೆಗೆ ಬೇಕಾದುದು ನಿಯಮಬದ್ಧವಾದ ಧ್ವನಿ ಸಾಮ್ಯ. ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಸೆವಿ’, ತೆಲುಗಿನಲ್ಲಿ ‘ಚೆವಿ’. ಕನ್ನಡದ ‘ಕೆಱೆ’ ತಮಿಳಿನಲ್ಲಿ ‘ಸಿಱೈ’, ತೆಲುಗಿನಲ್ಲಿ ‘ಚೆಱುವು’. ಕನ್ನಡದ ‘ಗೆಯ್’ ತಮಿಳಿನಲ್ಲಿ ‘ಸೆಯ್’, ತೆಲುಗಿನಲ್ಲಿ ‘ಚೇಯು’. ಮೇಲ್ನೋಟಕ್ಕೆ ಅಷ್ಟಾಗಿ ಹೋಲದ ಈ ಪದಗಳು ಒಂದೇ ನಿಯಮಕ್ಕೆ ಮತ್ತೆ ಮತ್ತೆ ಒಳಪಡುವುದರಿಂದ ಒಂದೇ ತಾಯಿಯ ಮಕ್ಕಳೆಂದು ಸಿದ್ಧವಾಗುತ್ತವೆ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಈ ಅಧ್ಯಯನಕ್ಕೆ ಅಡಿಪಾಯ ಹಾಕಿತು. ಬರೋ ಮತ್ತು ಎಮಿನೋ ಅವರ ದ್ರಾವಿಡ ಪದವ್ಯುತ್ಪತ್ತಿ ಕೋಶ 1961ರಲ್ಲಿ ಹೊರಬಂದು, 1984ರಲ್ಲಿ ಪರಿಷ್ಕಾರಗೊಂಡಿತು. ಅದೇ ಕಾಲಘಟ್ಟದಲ್ಲಿ ಜಪಾನಿನ ಸುಸುಮು ಓನೊ ತಮಿಳು ಮತ್ತು ಜಪಾನೀ ಭಾಷೆಗಳ ಸಂಬಂಧವನ್ನು ಪ್ರತಿಪಾದಿಸಿದರು. ಬಹುಪಾಲು ಭಾಷಾತಜ್ಞರು ಅದನ್ನು ಒಪ್ಪಲಿಲ್ಲ.

ಒಂದು ಪದ ಎಲ್ಲಿಂದ ಬಂದಿತೆಂದು ತಿಳಿಯಲು ಅದು ಈಗ ಹೇಗೆ ಕೇಳಿಸುತ್ತದೆ ಎಂಬುದಕ್ಕಿಂತ ಹಿಂದೆ ಅದನ್ನು ಹೇಗೆ ಬರೆಯುತ್ತಿದ್ದರು ಎಂಬುದು ಮುಖ್ಯ. ಕಂಪ್ಯೂಟರ್ ಬಳಕೆಯ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ‘ಱ’ ಮತ್ತು ‘ೞ’ ಎರಡಕ್ಕೂ ಸ್ಥಾನ ದೊರೆತಿದೆ. ಶಾಸನಗಳನ್ನೂ ಹಳಗನ್ನಡ ಕೃತಿಗಳನ್ನೂ ಗಣಕಕ್ಕೆ ಏರಿಸುವವರು ಅವನ್ನು ಇಂದಿನ ‘ರ’, ‘ಳ’ಗಳಿಗೆ ಬದಲಿಸದೆ ಮೂಲದಲ್ಲಿದ್ದಂತೆಯೇ ಉಳಿಸಿದರೆ, ಮುಂದಿನ ಓದುಗರು ಪದಗಳನ್ನು ಬೇರ್ಪಡಿಸಲು ನೆರೆಭಾಷೆಗಳ ಸಾಕ್ಷ್ಯವನ್ನಷ್ಟೇ ನಂಬಿ ಕೂರಬೇಕಾಗುವುದಿಲ್ಲ.